ಮಾಯಿಯ ಪಟ

ಕುದೂರು ಬಸ್ ಸ್ಟ್ಯಾಂಡಿನ ಎದುರಿಗಿದ್ದ ಅನಂತ ಸ್ಟುಡಿಯೊದ ಕಂಪ್ಯೂಟರನ್ನು ಯಾರೂ ಆಫ್ ಮಾಡುವಂತಿರಲಿಲ್ಲ. ಗೋಡೆಯ ಸ್ವಿಚ್ಚಿನ ಮೇಲೆ 'ದಯವಿಟ್ಟು ಮುಟ್ಟಬೇಡಿ' ಎಂದು ಬರೆದ ಚೀಟಿ ಅಂಟಿತ್ತು. ಅದೂ ಸಾಲದೆಂದು ಲತಾಮಣಿ ಅದರ ಮೇಲೆ ಅಡ್ಡಡ್ಡ ಎರಡು ಪಟ್ಟಿ ಟೇಪು ಎಳೆದಿದ್ದಳು. ಹದಿನಾಲ್ಕು ವರ್ಷದ ಹಳೆಯ ಯಂತ್ರ ಅದು. ಹೊತ್ತಿಕೊಂಡೇ ಇದ್ದರೆ ಹೇಳಿದ ಕೆಲಸವನ್ನೆಲ್ಲ ಮಾಡುತ್ತಿತ್ತು. ಒಮ್ಮೆ ಆರಿಸಿ ಹೊತ್ತಿಸಿದರೆ, ಇಲ್ಲವೆ 'ರೀಸ್ಟಾರ್ಟ್ ಮಾಡಲೇ' ಎಂದು ಅದು ಕೇಳಿದಾಗ ಮೈಮರೆತು ಹೂಂ ಅಂದುಬಿಟ್ಟರೆ, ಮುಗಿಯಿತು. ಕಪ್ಪು ಪರದೆಯ ಮೇಲೆ ಕಂಪನಿಯ ಹೆಸರು ಬಂದು ಅಲ್ಲೇ ನಿಂತುಬಿಡುತ್ತಿತ್ತು. ಮೌಸು ಅಲ್ಲಾಡಿಸಿದರೂ ಇಲ್ಲ, ಕೀಬೋರ್ಡು ಕುಟ್ಟಿದರೂ ಇಲ್ಲ. ಮದುವೆ ಮನೆಯಲ್ಲಿ ಮುನಿಸಿಕೊಂಡು ಕುಳಿತ ಬೀಗರ ಹಾಗೆ, ತಾನೇ ಮನಸ್ಸು ಮಾಡಿ ಎದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅದು ಅವಳ ಗಂಡ ಅನಂತರಾಜುವಿನ ಕಂಪ್ಯೂಟರ್. ಅವನು ಹೋಗಿ ಮೂರು ವರ್ಷವಾಗಿತ್ತು. ಎದೆ ಹಿಡಿದುಕೊಂಡು ಅದರ ಮುಂದಿನ ಕುರ್ಚಿಯಿಂದಲೇ ಜಾರಿದವನು, ಕಾರು ಮಾಗಡಿ ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ಬಿಟ್ಟಿದ್ದ. ಅಲ್ಲಿಯವರೆಗೆ ಮನೆಯಲ್ಲಿ ಬ್ಲೌಸ್ ಹೊಲಿದುಕೊಂಡಿದ್ದ ಲತಾಮಣಿ ಹದಿನೈದನೆಯ ದಿನಕ್ಕೆ ಸ್ಟುಡಿಯೊದ ಬೀಗ ತೆಗೆದಳು. ಪಾಸ್‌ಪೋರ್ಟ್ ಫೋಟೊ ತೆಗೆಯುವುದರಿಂದ ಹಿಡಿದು ಹಳೆಯ ಫೋಟೊ ತಿದ್ದುವವರೆಗೆ, ಗಂಡ ಬರೆದಿಟ್ಟ ನೋಟ್‌ಬುಕ್ ಓದಿಕೊಂಡೇ ಒಂದೊಂದಾಗಿ ಕಲಿತಳು. ಮಕ್ಕಳಿರಲಿಲ್ಲ. ಮನೆಗೆ ಹೋದರೆ ನಾಲ್ಕು ಗೋಡೆ; ಸ್ಟುಡಿಯೊದಲ್ಲಿ ಆ ಕಂಪ್ಯೂಟರಾದರೂ ಗುಂಯ್ ಎನ್ನುತ್ತಿತ್ತು. ಅದರ ಮೇಲಿನ ಗೋಡೆಗೆ ಗಂಡನ ಫೋಟೊ ಹಾಕಿದ್ದಳು. ಶುಕ್ರವಾರ, ಅಮಾವಾಸ್ಯೆ ತಪ್ಪದೆ ಫೋಟೊಗೆ ಹೂವು, ಕಂಪ್ಯೂಟರಿನ ಹಣೆಗೆ ಅರಿಶಿನ ಕುಂಕುಮ, ಇಬ್ಬರಿಗೂ ಸೇರಿಸಿ ಕೆಂಡದ ಮೇಲೆ ಸಾಂಬ್ರಾಣಿ ಧೂಪ. ಧೂಪದ ಬಟ್ಟಲನ್ನು ಕಂಪ್ಯೂಟರಿನ ಪಕ್ಕದಲ್ಲೇ ಇಟ್ಟು, ಹೊಗೆ ತಾನಾಗಿ ಆರುವ ತನಕ ಬಿಡುತ್ತಿದ್ದಳು.

ಸ್ಟುಡಿಯೊದವರಿಗೆ ಮದುವೆಯ ಕಾಲ ಬಿಟ್ಟರೆ ಪಿತೃಪಕ್ಷವೇ ಸುಗ್ಗಿ. ಸತ್ತವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನೆಲ್ಲ ಬೇಯಿಸಿ, ಬಾಳೆ ಎಲೆಗೆ ಬಡಿಸಿ ಎಡೆ ಇಡುವ ಕಾಲ ಅದು. ಹಿಂದೆ ಒಂದು ಕಳಸ ಇದ್ದರೆ ಸಾಕಿತ್ತು. ಈಗ ಫೋಟೊ ಇಲ್ಲದ ಎಡೆ ಯಾರ ಮನಸ್ಸಿಗೂ ಒಪ್ಪುವುದಿಲ್ಲ. ಆದರೆ ಬದುಕಿದ್ದಾಗ ಒಂದು ಸಲವೂ ಕ್ಯಾಮೆರಾದ ಮುಂದೆ ನಿಲ್ಲದೆ ಹೋದವರು ಸುತ್ತಿನ ಹಳ್ಳಿಗಳಲ್ಲಿ ಎಷ್ಟೋ ಮಂದಿ ಇದ್ದರು. ಅಂಥವರಿಗೆ ಅನಂತರಾಜು ಮುಖ ಕಟ್ಟಿಕೊಡುತ್ತಿದ್ದ. ತಮ್ಮನ ಮುಖ ತೆಗೆದುಕೊಂಡು, ಅದಕ್ಕೆ ಮಗನ ಮೂಗು ಇಟ್ಟು, ಯಾರದೋ ಮೀಸೆ ಅಂಟಿಸಿ, ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು "ಹಿಂಗಿತ್ತಾ? ಇನ್ನೊಸಿ ಅಗಲವಾ?" ಎಂದು ಕೇಳುತ್ತ ತಿದ್ದುವನು. "ಅವ್ನೇ ಕಣಪ್ಪ" ಎಂದು ಅವರು ಕಣ್ಣೊರೆಸಿಕೊಳ್ಳುವವರೆಗೆ ಬಿಡುತ್ತಿರಲಿಲ್ಲ. ಸುಳ್ಳು ಫೋಟೊ ಅನ್ನುವವರು ಅನ್ನಲಿ. ಅದರ ಮುಂದೆ ಕುಳಿತು ಅತ್ತವರ ಅಳು ಸುಳ್ಳಾಗಿರಲಿಲ್ಲ.

ಈ ಸಲ ಮಹಾಲಯ ಅಮಾವಾಸ್ಯೆಗೆ ಇನ್ನು ನಾಲ್ಕು ದಿನ ಇದೆ ಎನ್ನುವಾಗ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಯುಪಿಎಸ್ ಅರ್ಧ ಗಂಟೆ ಕೂಗಿ ಕೂಗಿ ಸುಮ್ಮನಾಯಿತು. ಸಂಜೆ ಕರೆಂಟು ಬಂದಾಗ ಲತಾಮಣಿ ಗಂಡನ ಫೋಟೊಗೆ ಕೈಮುಗಿದು ಬಟನ್ ಒತ್ತಿದಳು. ಕಂಪನಿಯ ಹೆಸರು ಬಂದು ಹೋಯಿತು, ಪರದೆ ಪೂರ್ತಿ ಬೆಳಗಿತು. ಎದ್ದಿತು ಎಂದುಕೊಳ್ಳುವಷ್ಟರಲ್ಲಿ, ಕಳೆದ ಸಲ ನನ್ನನ್ನು ಸರಿಯಾಗಿ ಮುಚ್ಚಲಿಲ್ಲ ಎಂದು ಸಬೂಬು ಹೇಳಿ ತಾನೇ ರೀಸ್ಟಾರ್ಟ್ ಆಗಿ, ಕಂಪನಿಯ ಹೆಸರಿನ ಮೇಲೆ ನಿಂತಿತು. ಆರಿಸಿದಳು, ಹೊತ್ತಿಸಿದಳು. ಮತ್ತೆ ಆರಿಸಿದಳು, ಮತ್ತೆ ಹೊತ್ತಿಸಿದಳು. ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಬೇಗ ನಿಲ್ಲುತ್ತಿತ್ತು.

ಮಾರನೆಯ ಬೆಳಗ್ಗೆ ದೊಡ್ಡಲಕ್ಷ್ಮಮ್ಮ ಬಂದಳು. ಎಪ್ಪತ್ತರ ಆಸುಪಾಸಿನ ಹೆಂಗಸು. ಆರು ಮೈಲಿ ಆಚೆಯ ಹಳ್ಳಿಯಿಂದ ಮೊದಲ ಬಸ್ಸು ಹಿಡಿದು ಬಂದಿದ್ದಳು. ಟವೆಲ್ಲಿನಲ್ಲಿ ಸುತ್ತಿದ್ದ ಫ್ರೇಮೊಂದನ್ನು ಮೇಜಿನ ಮೇಲಿಟ್ಟು ಬಿಚ್ಚಿದಳು. ಗಾಜಿನೊಳಗೆ ಬರೀ ಗೆದ್ದಲ ಮಣ್ಣು. ಮೂಲೆಯಲ್ಲಿ ಒಂದು ಜಡೆಯ ತುದಿ, ಕೆಂಪು ರಿಬ್ಬನ್ನು, ಅಷ್ಟೇ ಉಳಿದಿತ್ತು.

"ಗೋಡೆಗೆ ಗೆದ್ಲು ಬಂದಿದ್ದು ಯಾರ್ಗೂ ತಿಳೀನಿಲ್ಲ ಕಣವ್ವ," ಅಂದಳು. "ಎಡೆ ಇಡಕ್ಕೆ ಒರೆಸಾನ ಅಂತ ಇಳುಸ್ತೀನಿ, ಇಂದ್ಗಡೆಯಿಂದ ಪೂರಾ ತಿಂದಾಕವೆ. ನನ್ ಮಗಳು, ಮಾಯಿ. ಆರು ವರ್ಸಕ್ಕೆ ಜ್ವರ ಬಂದು ಮೂರೇ ದಿನಕ್ಕೆ ಓಗ್ಬುಟ್ಳು. ಮೂವತ್ತೆಂಟು ವರ್ಸಾಯ್ತು. ಆವಾಗ ನಮ್ಗೆ ಪಟ ಎಲ್ಲಿ? ಎಂಟು ವರ್ಸದ ಇಂದೆ ನಿನ್ ಗಂಡನೇ ಒಂದು ವಾರ ನನ್ನ ಇಲ್ಲಿ ಕೂರ್‌ಸ್ಕೊಂಡು ಮಾಡ್ಕೊಟ್ಟಿದ್ದು."

ಮನೆಯಲ್ಲಿ ಯಾರ ಫೋನಿನಲ್ಲೂ ಆ ಪಟದ ನಕಲಿರಲಿಲ್ಲ. ಗೋಡೆಯ ಮೇಲೆ ದಿನಾ ಕಾಣುವ ಪಟಕ್ಕೆ ಯಾರು ಫೋಟೊ ಹೊಡೆಯುತ್ತಾರೆ?

"ಇದೇ ಡಬ್ಬದಾಗೆ ಇಟ್ಟಿರ್ತೀನಿ ಅಂದಿದ್ದ ನಿನ್ ಗಂಡ. ಯಾವಾಗ್ ಬಂದ್ರೂ ತೆಗ್ದು ಕೊಡ್ತೀನಿ ಕಣಮ್ಮ, ನಿನ್ ಮಗಳು ಎಲ್ಲೂ ಓಗಕಿಲ್ಲ ಅಂದಿದ್ದ. ಒಂದು ತೆಗ್ದು ಕೊಡವ್ವ. ಈಗೀಗ ಕಣ್ ಮುಚ್ಚುದ್ರೆ ನಂಗೆ ಅದ್ರ ಮುಖ ಬರಾಕಿಲ್ಲ. ಪಟದ್ದೇ ಬರ್ತಿದ್ದುದ್ದು. ಅದೂ ಓಗ್ಬುಟ್ರೆ ಇನ್ನೇನೈತೆ?"

ಡಬ್ಬ ಕೆಟ್ಟು ಕುಳಿತಿದೆ ಎಂದು ಹೇಳಲು ಲತಾಮಣಿಗೆ ಬಾಯಿ ಬರಲಿಲ್ಲ. "ನಾಡಿದ್ದು ಬಾಮ್ಮ, ಕೊಡ್ತೀನಿ," ಎಂದುಬಿಟ್ಟಳು. ಮುದುಕಿ ಫ್ರೇಮನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟಿತು. ಅದು ಬಸ್ಸು ಹತ್ತುವುದನ್ನು ನೋಡುತ್ತ ನಿಂತಾಗ ಲತಾಮಣಿಗೆ ಕೊಟ್ಟ ಮಾತಿನ ಭಾರ ಗೊತ್ತಾಯಿತು.

ಮಾರನೆಯ ದಿನ ಲತಾಮಣಿ ಮತ್ತೆ ಮತ್ತೆ ಹೊತ್ತಿಸಿ ನೋಡುತ್ತಿರುವಾಗಲೇ, ಅವಳು ಫೋನ್ ಮಾಡಿದ್ದಕ್ಕೆ ಚನ್ನಪಟ್ಟಣದಿಂದ ಇಸ್ರಾರ್ ಬಂದ. ಅಪ್ಪ, ತಾತ ಬೊಂಬೆ ಕಡೆಯುತ್ತಿದ್ದ ಮನೆತನ. ಇವನೊಬ್ಬ ಕಂಪ್ಯೂಟರ್ ಬಿಚ್ಚುವುದು ಕಲಿತಿದ್ದ. ಅನಂತರಾಜುವಿಗೆ ಇದನ್ನು ಜೋಡಿಸಿ ಕೊಟ್ಟವನೂ ಅವನೇ. ಗೋಡೆಯ ಫೋಟೊವನ್ನು ಒಂದು ಗಳಿಗೆ ನೋಡಿ ಬ್ಯಾಗು ಕೆಳಗಿಟ್ಟ.

"ಒಳಗಿನ ಡಿಸ್ಕು ಬಿಚ್ಕೊಂಡು ಅಂಗಡಿಗೆ ತಗೊಂಡೋಗ್ಲಾ ಅಕ್ಕ? ಇನ್ನೊಂದು ಮಿಷಿನ್‌ಗೆ ಹಾಕಿ ನೋಡ್ಬೋದು."

"ಬೇಡ ಇಸ್ರಾರ್ ಭಾಯ್. ಏನ್ ಮಾಡಿದ್ರೂ ಇಲ್ಲೇ ಮಾಡಿ."

ಅವಳ ಹಟಕ್ಕೆ ಕಾರಣವಿತ್ತು. ಹೋದ ವರ್ಷ ಇನ್ನೊಬ್ಬ ಮೆಕ್ಯಾನಿಕ್ಕು ಹೀಗೇ ಇನ್ನೊಂದು ಡಿಸ್ಕು ತೆಗೆದುಕೊಂಡು ಹೋಗಿ, ಪೂರ್ತಿ ಒರೆಸಿ, ಹೊಸದರಂತಾಗಿದೆ ನೋಡಿ ಎಂದು ನಗುತ್ತ ತಂದುಕೊಟ್ಟಿದ್ದ. ಏಳು ಮದುವೆಗಳು ಅದರಲ್ಲಿ ಹೋಗಿದ್ದವು.

ಇಸ್ರಾರ್ ಒಪ್ಪಿಕೊಂಡು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ. ಪ್ರಿಂಟರು, ಸ್ಕ್ಯಾನರು, ಪೆನ್ ಡ್ರೈವು ಚುಚ್ಚುವ ತೂತಿನ ವೈರು, ಎಲ್ಲ ಕಿತ್ತ. ಹೊತ್ತಿಸಿದ, ನಿಂತಿತು. ಮೆಮೊರಿಯ ಪಟ್ಟಿ ತೆಗೆದು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಹಾಕಿದ. ನಿಂತಿತು. ನಾಣ್ಯದಂಥ ಪುಟ್ಟ ಬ್ಯಾಟರಿ ಬದಲಾಯಿಸಿದ. ಆಗಲೂ ನಿಂತಿತು. ಆಮೇಲೆ ಸ್ವಿಚ್ಚು ಆರಿಸಿ, ಸುಮ್ಮನೆ ಟೀ ತರಿಸಿಕೊಂಡು ಕುಡಿಯುತ್ತ ಕುಳಿತ. ಒಂದು ಗಂಟೆ ಆ ಕಡೆ ನೋಡಲೇ ಇಲ್ಲ. ಆಮೇಲೆ ಬಟನ್ ಒತ್ತಿದಾಗ ಯಂತ್ರ ಕಂಪನಿಯ ಹೆಸರು ದಾಟಿ ಎದ್ದಿತು. ಅವನೇ ರೀಸ್ಟಾರ್ಟ್ ಕೊಟ್ಟ. ನಿಂತುಬಿಟ್ಟಿತು.

"ತಣ್ಣಗಿದ್ರೆ ಏಳ್ತದೆ, ಬಿಸಿಯಾದ್ರೆ ಏಳಕಿಲ್ಲ," ಎಂದ. "ನೀವು ಮತ್ತೆ ಮತ್ತೆ ಹೊತ್ತಿಸಿದ್ದಕ್ಕೇ ಇನ್ನೂ ಬಿಸಿಯಾಗೈತೆ. ಉಸಿರಾಡಕ್ಕೆ ಎಲ್ಲೋ ಕಟ್ಕೊಂಡೈತೆ ಇದಕ್ಕೆ."

ಪಕ್ಕದ ತಗಡು ಬಿಚ್ಚಿ, ಒಳಗಿನ ಫ್ಯಾನನ್ನು ಮೆಲ್ಲಗೆ ಎತ್ತಿದ. ಅದರ ಕೆಳಗೆ ಅಂಗೈ ಅಗಲದ ಕಂದು ಮುದ್ದೆಯೊಂದು ಕಂಬಳಿಯ ತುಂಡಿನಂತೆ ಗಟ್ಟಿಯಾಗಿ ಕೂತಿತ್ತು. ಅಲ್ಲಲ್ಲಿ ಕುಂಕುಮದ ಕೆಂಪು, ಒಣಗಿದ ಒಂದು ಸೇವಂತಿಗೆ ಎಸಳು. ಚಿಮುಟದಿಂದ ತೆಗೆದು ಕಾಗದದ ಮೇಲಿಟ್ಟು ಮೂಸಿ ನೋಡಿದ.

"ಸಾಂಬ್ರಾಣಿ," ಎಂದ, ಯಾರನ್ನೂ ದೂಷಿಸದ ದನಿಯಲ್ಲಿ.

ಲತಾಮಣಿ ಆ ಮುದ್ದೆಯನ್ನೇ ನೋಡಿದಳು. ಮೂರು ವರ್ಷದ ಶುಕ್ರವಾರಗಳೆಲ್ಲ ಅಲ್ಲಿದ್ದವು. ಗಂಡನ ಉಸಿರೇ ಇದರಲ್ಲಿದೆ ಎಂದುಕೊಂಡು ಪೂಜೆ ಮಾಡಿ ಮಾಡಿ, ತಾನೇ ಅದರ ಉಸಿರು ಕಟ್ಟಿಸುತ್ತ ಬಂದಿದ್ದಳು. ನಾಚಿಕೆಯಾಯಿತು. "ನಾನೇ ಮಾಡಿದ್ದು ಭಾಯ್," ಅಂದಳು.

"ದರ್ಗಾದಾಗೆ ನಾವೂ ಲೋಬಾನ ಹಾಕ್ತೀವಿ ಅಕ್ಕ. ತಪ್ಪೇನೈತೆ? ಹೋದೋರಿಗೆ ಹೊಗೆ ಸಾಕಾಯ್ತದೆ. ಇದಕ್ಕೆ ಗಾಳಿ ಬೇಕು. ಇನ್ಮೇಲೆ ಒಸಿ ದೂರದಿಂದ ತೋರ್ಸಿ."

ಇಸ್ರಾರ್ ಬ್ಯಾಗಿನಿಂದ ಸಣ್ಣ ಕುಂಚವೊಂದನ್ನು ತೆಗೆದ. ಅವನ ಹೆಂಡತಿ ಖುರ್ಷಿದಾ ಮನೆಯಲ್ಲಿ ಬೊಂಬೆಗಳಿಗೆ ಕಣ್ಣು ಬರೆಯುವ ಕುಂಚವಂತೆ. ಅದರಿಂದ ಫ್ಯಾನಿನ ಕೆಳಗಿನ ಲೋಹದ ಒಂದೊಂದು ಸಂದನ್ನೂ ಉಜ್ಜಿ, ಶಾಖ ಇಳಿಸಲು ಹಚ್ಚಿದ್ದ, ಒಣಗಿ ಹುಡಿಯಾಗಿದ್ದ ಹಳೆಯ ಪೇಸ್ಟು ಒರೆಸಿ, ಹೊಸದು ಹಚ್ಚಿ ಫ್ಯಾನು ಕೂರಿಸಿದ. ಕಂಪ್ಯೂಟರ್ ಎದ್ದಿತು. ಗುಂಯ್ ಎನ್ನುವ ಸದ್ದೂ ತೆಳ್ಳಗಾಗಿತ್ತು.

"ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡ್ಬುಡಾವ," ಎಂದು ಅವನು ಮೌಸಿಗೆ ಕೈ ಹಾಕಿದ.

"ಬ್ಯಾಡ ಭಾಯ್. ಎದ್ದೈತಲ್ಲ, ಸಾಕು. ಇದರ ತಂಟೆಗೆ ಹೋಗ್ಬ್ಯಾಡಿ."

ಅವಳ ಮುಖ ನೋಡಿ ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಮುಖ್ಯವಾದವನ್ನು ಪೆನ್ ಡ್ರೈವಿಗೂ ಹಾಕಿಟ್ಟುಕೊಳ್ಳಿ ಎಂದು ಹೇಳಿ, ಕಿತ್ತ ವೈರುಗಳನ್ನೆಲ್ಲ ಚುಚ್ಚಿ ಹೊರಟುಹೋದ.

ಅನಂತರಾಜು ಎಲ್ಲವನ್ನೂ ಊರಿನ ಹೆಸರಿನಲ್ಲಿ ಇಟ್ಟಿದ್ದ. ದೊಡ್ಡಲಕ್ಷ್ಮಮ್ಮನ ಊರು, ಒಳಗೆ 'ಮಾಯಿ'. ಲತಾಮಣಿ ತೆರೆದಳು. ಎರಡು ಜಡೆ, ಕೆಂಪು ರಿಬ್ಬನ್ನು, ಕಪ್ಪಗಿನ ಪುಟ್ಟ ಮುಖ, ಹುಬ್ಬಿನ ಮೇಲೊಂದು ಗಾಯದ ಗುರುತು. ಪಟ ಕೆಟ್ಟಿರಲಿಲ್ಲ. ಗಂಡನ ರೀತಿಯೇ ಹಾಗೆ: ಒಂದೊಂದನ್ನೂ ಒಂದೊಂದು ಪದರದಲ್ಲಿ ಇಟ್ಟು, ಪಕ್ಕದಲ್ಲಿ ಹೆಸರು ಬರೆಯುತ್ತಿದ್ದ. ಜಡೆ, ಓಲೆ, ಬೊಟ್ಟು, ಗಾಯ, ಹಲ್ಲು, ಬಣ್ಣ. ಎಲ್ಲಕ್ಕಿಂತ ಕೆಳಗಿನ ಪದರದ ಹೆಸರು 'ಲತಾ'.

ಮೇಲಿನ ಪದರಗಳನ್ನು ಒಂದೊಂದಾಗಿ ಆರಿಸಿದಳು. ಜಡೆ ಹೋಯಿತು, ಓಲೆ ಹೋಯಿತು, ಗಾಯ ಹೋಯಿತು. ಕೊನೆಗೆ ಉಳಿದದ್ದು ಅವಳೇ. ಆರು ವರ್ಷದವಳಿದ್ದಾಗ ಅಪ್ಪ ಮುನಿಯಪ್ಪ ಕೆಂಗಲ್ಲಿಗೆ ಕರೆದುಕೊಂಡು ಹೋಗಿ, ಆಂಜನೇಯನ ಗುಡಿಯ ಮುಂದೆ ನಿಲ್ಲಿಸಿ ತೆಗೆಸಿದ ಕಪ್ಪು ಬಿಳುಪು ಫೋಟೊ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಾಳೆ. ಅವಳ ಬಾಲ್ಯದ ಫೋಟೊ ಅಂತ ಇದ್ದದ್ದು ಅದೊಂದೇ. ಮನೆಯ ಟ್ರಂಕಿನಲ್ಲಿತ್ತು.

ಅವಳಿಗೆ ಸಿಟ್ಟು ನೆತ್ತಿಗೇರಿತು. ಬದುಕಿರುವವರ ಫೋಟೊಗೆ ಹಾರ ಹಾಕಿದರೇ ಅಪಶಕುನವೆಂದು ಬೈಯುವ ಸೀಮೆ ಇದು. ಅಂಥದ್ದರಲ್ಲಿ ಎಂಟು ವರ್ಷ ಯಾರದೋ ಮನೆಯಲ್ಲಿ ತನ್ನ ಮುಖದ ಮುಂದೆ ದೀಪ ಹಚ್ಚಿ, ಎಡೆ ಇಟ್ಟು, ತಿನ್ನು ಬಾ ಎಂದು ಕರೆದಿದ್ದಾರೆ. ಗೋಡೆಯತ್ತ ತಿರುಗಿ, "ಬದುಕಿರೋ ಹೆಂಡ್ತೀಗೆ ಎಡೆ ಇಡಿಸ್ದಲ್ಲ," ಅಂದಳು. "ಒಂದು ಮಾತು ಹೇಳಿದ್ಯಾ?" ಸಿಟ್ಟಿನ ಹಿಂದೆಯೇ ಹೆದರಿಕೆ ಬಂತು. ತನ್ನ ಮಡಿಲು ಬರಿದಾಗಿ ಉಳಿದದ್ದು, ಇವನು ನಲವತ್ತೊಂಬತ್ತಕ್ಕೇ ಹೋದದ್ದು, ಎಲ್ಲ ಇದರಿಂದಲೇ ಇರಬಹುದೇ? ಮಡಿಲು ಬರಿದಾದದ್ದು ಅದಕ್ಕೂ ಬಹಳ ಹಿಂದಿನ ಮಾತು. ಆದರೂ ಹೆದರಿದ ಮನಸ್ಸು ಲೆಕ್ಕ ನೋಡುವುದಿಲ್ಲ.

ಅಳಿಸಿಬಿಡಲೇ ಅನ್ನಿಸಿತು. ಕಂಪ್ಯೂಟರ್ ಕೆಟ್ಟುಹೋಯಿತು ಕಣಮ್ಮ ಎಂದರೆ ಮುಗಿಯಿತು. ಕೆಟ್ಟಿದ್ದಂತೂ ನಿಜವೇ, ಯಾರು ಬೇಕಾದರೂ ಸಾಕ್ಷಿ ಹೇಳುತ್ತಾರೆ. ಪ್ರಿಂಟನ್ನೂ ತೆಗೆಯಲಿಲ್ಲ, ಪೆನ್ ಡ್ರೈವಿಗೂ ಹಾಕಲಿಲ್ಲ. ಶಟರು ಎಳೆದು ಮನೆಗೆ ಹೋದಳು.

ಮಾರನೆಯ ದಿನ ಟ್ರಂಕಿನ ಫೋಟೊವನ್ನು ಕೈಯಲ್ಲಿ ಹಿಡಿದುಕೊಂಡೇ ಬಂದು ಕುಳಿತಳು. ಪರದೆಯ ಮೇಲಿದ್ದ ಹುಡುಗಿಯೂ ಕೈಯಲ್ಲಿದ್ದ ಹುಡುಗಿಯೂ ಒಬ್ಬಳೇ. ಏನು ಮಾಡುವುದೆಂದು ತೋಚದೆ ಕುಳಿತಿದ್ದಾಗ ಬಾಗಿಲಲ್ಲಿ ದೊಡ್ಡಲಕ್ಷ್ಮಮ್ಮನ ನೆರಳು ಬಿತ್ತು. ಪರದೆ ಮುಚ್ಚಲೂ ಸಮಯವಿರಲಿಲ್ಲ. ಮುದುಕಿ ಬಂದು ಸ್ಟೂಲಿನ ಮೇಲೆ ಕುಳಿತು, ಕಣ್ಣು ಕಿರಿದು ಮಾಡಿ ನೋಡಿತು.

"ಇದ್ಯಾರ್ ಮಗುವ್ವ?" ಎಂದಿತು ಮುದುಕಿ. "ಮುದ್ದಾಗೈತೆ."

"ಗೊತ್ತಾಗ್ನಿಲ್ವಾ ಅಮ್ಮ? ಸರ್ಯಾಗ್ ನೋಡು."

"ಇಲ್ಲ ಕಣವ್ವ. ನಾನೆಲ್ಲಿ ನೋಡಿವ್ನಿ? ನನ್ ಮಾಯಿನ ತೋರ್ಸವ್ವ."

ಲತಾಮಣಿ ಅವಳನ್ನೇ ನೋಡಿದಳು. ಎಂಟು ವರ್ಷ ದಿನಾ ನೋಡಿದ ಮುಖ, ಈ ತಾಯಿಗೆ ಗುರುತೇ ಇಲ್ಲ. ಮೌಸಿಗೆ ಕೈ ಹಾಕಿ ಬಣ್ಣದ ಪದರ ಹೊತ್ತಿಸಿದಳು. ಮುಖ ಕಪ್ಪಾಯಿತು. ಎರಡು ಜಡೆ ಬಂದವು. ಮುದುಕಿ ಸ್ವಲ್ಪ ಮುಂದಕ್ಕೆ ಬಾಗಿತು. ಓಲೆ, ಬೊಟ್ಟು. ಮುಂದಿನ ಹಲ್ಲೊಂದು ಬಿದ್ದು ಬಾಯಿ ಅರ್ಧ ತೆರೆಯಿತು. ಕೊನೆಗೆ ಹುಬ್ಬಿನ ಮೇಲೆ ಆ ಗಾಯ.

"ಮಾಯಿ!" ಎಂದಳು ದೊಡ್ಡಲಕ್ಷ್ಮಮ್ಮ. ಸ್ಟೂಲಿನಿಂದ ಎದ್ದೇಬಿಟ್ಟಳು. "ಒಳಕಲ್ಲಿನ ಮ್ಯಾಲೆ ಬಿದ್ದಿದ್ದು ಕಣವ್ವ ಅದು. ನಾನೇ ಅರಿಶಿನ ಮೆತ್ತಿದ್ದೆ. ಇದು ನನ್ ಮಗು, ಇದು ನನ್ ಮಗು." ಒರಟು ಬೆರಳಿನಿಂದ ಪರದೆಯ ಮೇಲಿನ ಹುಬ್ಬನ್ನು ಸವರುತ್ತ ಸವರುತ್ತ ಅತ್ತಳು.

ಆಗ ಲತಾಮಣಿಗೆ ತಿಳಿಯಿತು. ಆ ಮನೆಯವರು ಎಡೆ ಇಟ್ಟದ್ದು ಗಾಯಕ್ಕೆ, ಬಿದ್ದ ಹಲ್ಲಿಗೆ, ಈ ತಾಯಿ ಒಂದು ವಾರ ಕುಳಿತು ನೆನೆಸಿಕೊಂಡು ಹೇಳಿದ್ದಕ್ಕೆಲ್ಲ. ತನ್ನ ಮುಖ ಅಡಿಯಲ್ಲಿ ಸುಮ್ಮನೆ ಮಣೆಯಾಗಿ ಕುಳಿತಿತ್ತು. ಮನೆಯಲ್ಲಿ ಹೆಣ್ಣುಮಗುವಿನ ಫೋಟೊ ಅಂತ ಅನಂತರಾಜುವಿಗೆ ಬೇರೆ ಯಾವುದಿತ್ತು? ತಮಗೊಂದು ಮಗಳಿದ್ದಿದ್ದರೆ ಹೀಗಿರುತ್ತಿದ್ದಳು ಎಂದು ಅವನೂ ಆ ವಾರವೆಲ್ಲ ನೋಡಿರಬೇಕು. ಹೇಳಿದರೆ ಬೈಯುತ್ತಾಳೆಂದು ಹೇಳದೆ ಹೋದ. ಅವನು ತಿಳಿದದ್ದು ಸರಿಯಾಗಿಯೇ ಇತ್ತು.

ಗಂಡನ ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯ ಒಂದು ಸಾಲಿತ್ತು: ಪದರಗಳನ್ನು ಒಂದು ಮಾಡಿ ಸೇವ್ ಮಾಡಿದರೆ ಮತ್ತೆ ಬಿಡಿಸಲಾಗದು, ಯೋಚಿಸಿ ಒತ್ತು. ಲತಾಮಣಿ ಯೋಚಿಸಿ ಒತ್ತಿದಳು. ಪಕ್ಕದ ಹೆಸರುಗಳೆಲ್ಲ ಮಾಯವಾದವು. ಇನ್ನು ಆ ಮುಖದಿಂದ ಲತಾಳನ್ನು ಬೇರೆ ಮಾಡಲು ಯಾರಿಗೂ ಸಾಧ್ಯವಿರಲಿಲ್ಲ. ಸೇವ್ ಮಾಡಿದಳು.

ಪ್ರಿಂಟ್ ಕೊಟ್ಟರೆ ಪ್ರಿಂಟರು ಕಾಣುತ್ತಿಲ್ಲ ಎಂದಿತು. ಪೆನ್ ಡ್ರೈವು ಚುಚ್ಚಿದರೆ ಅದೂ ಕಾಣಲಿಲ್ಲ. ವೈರುಗಳನ್ನು ಕಿತ್ತು ಮತ್ತೆ ಚುಚ್ಚಿದ್ದರಿಂದ ರೀಸ್ಟಾರ್ಟ್ ಆದರೆ ಮಾತ್ರ ಅವು ಸಿಗುತ್ತವೆ ಎಂದು ಪರದೆಯ ಮೂಲೆಯಲ್ಲಿ ಬರೆದು ಬಂತು. ನಿನ್ನೆ ಇಸ್ರಾರ್ ನೋಡ್ಬುಡಾವ ಎಂದಾಗ ಬೇಡವೆಂದವಳು ಇವಳೇ. ಈಗ ಮುದುಕಿ ಪಕ್ಕದಲ್ಲಿ ಕುಳಿತಿದೆ, ನಾಳೆ ಅಮಾವಾಸ್ಯೆ, ಮಾಯಿ ಇರುವುದು ಆ ಡಬ್ಬದೊಳಗೊಂದೇ ಕಡೆ. ಲತಾಮಣಿ ಈ ಸಲ ಗೋಡೆಯ ಕಡೆ ನೋಡಲಿಲ್ಲ. ರೀಸ್ಟಾರ್ಟ್ ಒತ್ತಿದಳು.

ಪರದೆ ಕಪ್ಪಾಯಿತು. ಕಂಪನಿಯ ಹೆಸರು ಬಂದು ನಿಂತಿತು.

"ಮೊದ್ಲು ತೋರ್ಸಿದ್ಯಲ್ಲ," ಎಂದಳು ದೊಡ್ಡಲಕ್ಷ್ಮಮ್ಮ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ಆ ಮಗು ಯಾರ್ದು?"

"ಗೊತ್ತಿರೋರದ್ದೇ ಕಣಮ್ಮ. ಅದ್ರ ಮುಖ ಇಟ್ಕೊಂಡೇ ನಮ್ಮೋರು ನಿನ್ ಮಗಳ್ನ ಮಾಡಿದ್ದು."

ಮುದುಕಿ ಭಯದಿಂದ ಎಂಬಂತೆ ದನಿ ತಗ್ಗಿಸಿ ಕೇಳಿದಳು. "ಬದುಕೈತಾ ಅದು?"

ಈ ಮೂರು ವರ್ಷದಲ್ಲಿ ಯಾರೂ ಲತಾಮಣಿಯನ್ನು ಆ ಪ್ರಶ್ನೆ ಕೇಳಿರಲಿಲ್ಲ.

"ಐತೆ," ಅಂದಳು. "ಬದುಕೈತೆ ಕಣಮ್ಮ."

ದೊಡ್ಡಲಕ್ಷ್ಮಮ್ಮ ಎರಡೂ ಕೈಗಳನ್ನು ಆ ಕಪ್ಪು ಪರದೆಯ ಸುತ್ತ ನಿವಾಳಿಸಿ, ತನ್ನ ಕಣತಲೆಗೆ ಒತ್ತಿ ಲಟಲಟನೆ ನೆಟಿಗೆ ಮುರಿದಳು. "ನನ್ ಮಾಯಿ ಬಾಳ್ದೆ ಬುಟ್ಟೋದ ಆಯಸ್ಸೆಲ್ಲ ಅದ್ಕೇ ಇರ್ಲಿ. ಎಲ್ಲಿದ್ರೂ ತಣ್ಣಗಿರ್ಲಿ."

ಲತಾಮಣಿ ಮೇಜಿಗೆ ತಲೆ ಕೊಟ್ಟು ಅತ್ತಳು. ಗಂಡ ಸತ್ತಾಗ ಊರೆಲ್ಲ ನೋಡುತ್ತಿದ್ದಾರೆಂದು ನುಂಗಿಕೊಂಡದ್ದೂ ಅದರಲ್ಲಿ ಬಂತು. ಏನೆಂದು ತಿಳಿಯದಿದ್ದರೂ ಮುದುಕಿ ಅವಳ ಬೆನ್ನ ಮೇಲೆ ಕೈಯಿಟ್ಟು, "ಬುಡವ್ವ, ಬುಡವ್ವ," ಎನ್ನುತ್ತ ಕುಳಿತಿತು.

ಕಣ್ಣೊರೆಸಿಕೊಂಡು ತಲೆ ಎತ್ತಿದಾಗ ಪರದೆ ಬೆಳಗಿತ್ತು. ಅದು ಯಾವಾಗ ಎದ್ದಿತೋ ಇಬ್ಬರೂ ನೋಡಿರಲಿಲ್ಲ. ಲತಾಮಣಿ ಎದ್ದು ಪ್ರಿಂಟರಿಗೆ ಒಳ್ಳೆಯ ಕಾಗದ ಇಟ್ಟು ಪ್ರಿಂಟ್ ಕೊಟ್ಟಳು. ಮೊದಲು ಬೈತಲೆ ಬಂತು, ಆಮೇಲೆ ಹುಬ್ಬಿನ ಗಾಯ, ಆಮೇಲೆ ಬಿಸಿಲಿಗೆ ಕಿರಿದಾದ ಎರಡು ಕಣ್ಣು. ದೊಡ್ಡಲಕ್ಷ್ಮಮ್ಮ ಕೆಳಗೆ ಸೆರಗು ಒಡ್ಡಿಕೊಂಡು ನಿಂತಿದ್ದಳು.